ಬಲಪಾದಕ್ಕೊಂದು ಬಳ್ಳಿ

ಮೂವತ್ತೊಂದು ವರ್ಷ ನಿಂತೇ ಊರವರ ಕೂದಲು ಕತ್ತರಿಸಿದವಳನ್ನು ಎಲ್ಲರೂ ಪಾರ್ಲರಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿ ಬಿಟ್ಟುಕೊಟ್ಟ ವಾರ, "ಇಷ್ಟು ವರ್ಷ ನನ್ನನ್ನ ಹೊತ್ತ ಕಾಲಿಗೂ ಒಂದು ಸಿಂಗಾರ ಬೇಡ್ವೇನೇ?" ಎಂದು ಮಗಳ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು. ಮರುದಿನವೇ ಮಗಳು ಅವಳನ್ನು ಹಚ್ಚೆ ಅಂಗಡಿಯಲ್ಲಿ ಕೂರಿಸಿದ್ದಳು.

ಮೊದಲು ಒಂದು ಅರ್ಜಿ ತುಂಬಬೇಕಿತ್ತು. 'ಸಕ್ಕರೆ ಕಾಯಿಲೆ ಇದೆಯೇ?' ಮಗಳು ಆಚೆ ನೋಡುತ್ತಿದ್ದಾಗ ಪಾರ್ಲರಮ್ಮ 'ಇಲ್ಲ' ಎಂದು ಗುರುತು ಹಾಕಿದಳು. ಎರಡು ವರ್ಷದಿಂದ ಮಾತ್ರೆಗಳನ್ನು ಕೂದಲಿನ ಬಣ್ಣದ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದಳು. ಸೂಜಿ ಚುಚ್ಚಿದ ಗಾಯ ಮಾಯದೆ ಈಗ ಗುಟ್ಟು ರಟ್ಟಾದರೆ?

ಚಿತ್ರ ಆರಿಸುವವರೆಗೆ ಸೂಜಿ ಬರುವುದಿಲ್ಲವಲ್ಲ! ಅವಳು ಹಾಳೆ ತಿರುವುತ್ತಲೇ ಹೋದಳು. ಹಕ್ಕಿ ಬೇಡ, ಕೊಕ್ಕು ಸೊಟ್ಟಗಿದೆ. ಮೀನು ಬೇಡ, ಪಾದ ಊದಿದರೆ ತಿಮಿಂಗಿಲವಾಗುತ್ತದೆ.

"ಅಮ್ಮಾ, ನಿನ್ನ ಗಿರಾಕಿಗಳು ಹೀಗೆ ಸತಾಯಿಸಿದ್ರೆ ನೀನು ಕತ್ತರಿ ಎಸೆದು ಎದ್ದು ಹೋಗ್ತಿದ್ದೆ," ಎಂದಳು ಮಗಳು.

ಕೊನೆಗೆ ಕಣಕಾಲಿನಿಂದ ಕಿರುಬೆರಳಿಗೆ ಇಳಿಯುವ ಸಣ್ಣ ಬಳ್ಳಿಯೊಂದು ಒಪ್ಪಿಗೆಯಾಯಿತು. ಹಚ್ಚೆ ಹಾಕುವ ಹುಡುಗಿ ಪಾದ ಒರೆಸಿ, ಬಳ್ಳಿಯ ನೀಲಿ ಅಚ್ಚು ಒತ್ತಿದಳು. ತುದಿ ಎಲ್ಲಿ ಮುಗಿಯುತ್ತದೆಂದು ನೋಡಲು ಪಾದ ಹೊರಳಿಸಿದವಳು ಹಾಗೇ ನಿಂತಳು.

"ಅಮ್ಮಾ, ಬೆರಳಿನ ಕೆಳಗೆ ಗಾಯ ಆಗಿದೆಯಲ್ಲ, ನೋಯಲ್ವಾ?"

"ಯಾವ ಗಾಯ?"

"ಇದು. ಈಗ ಒತ್ತಿದ್ದೀನಿ."

"ಮುಟ್ಟಿದ್ದೀಯಾ?" ಎಂದಳು ಪಾರ್ಲರಮ್ಮ. ಬಗ್ಗಿ ನೋಡಿದರೆ ಹುಡುಗಿಯ ಬೆರಳು ಗಾಯದ ಮೇಲೇ ಇತ್ತು.

ಹುಡುಗಿ ಕೈಗವಸು ಕಳಚಿದಳು. "ನಿಜ ಹೇಳಿ, ಸಕ್ಕರೆ ಇದೆಯಾ?"

"ಇಲ್ಲಪ್ಪ, ನಮ್ಮಮ್ಮ ಗಟ್ಟಿಮುಟ್ಟು," ಎಂದಳು ಮಗಳು.

"ಇದೆ," ಎಂದಳು ತಾಯಿ, ನೆಲ ನೋಡುತ್ತಾ. "ಎರಡು ವರ್ಷ ಆಯ್ತು."

"ನಮ್ಮ ದೊಡ್ಡಪ್ಪನೂ ಹೀಗೇ ನೋವಿಲ್ಲ ಅಂತ ಸುಮ್ಮನಿದ್ರು. ಕೊನೆಗೆ ಅವರ ಕಾಲನ್ನ ಮೊಣಕಾಲಿನವರೆಗೆ ತೆಗೆದ್ರು. ಈಗಲೇ ಆಸ್ಪತ್ರೆಗೆ ಹೊರಡಿ."

ಆಸ್ಪತ್ರೆಯಲ್ಲಿ ಡಾಕ್ಟರು ಗಾಯದೊಳಗಿಂದ ಗಾಜಿನ ಚೂರೊಂದನ್ನು ಚಿಮಟದಲ್ಲಿ ಎತ್ತಿದರು. ಯಾವತ್ತು ತುಳಿದಳೋ ಅವಳಿಗೇ ಗೊತ್ತಿರಲಿಲ್ಲ. "ಇನ್ನೊಂದು ವಾರ ಬಿಟ್ಟಿದ್ರೆ ಬೆರಳಿನ ಆಸೆ ಬಿಡಬೇಕಿತ್ತು. ಈಗಲೂ ಮಾತು ಕೊಡಲಾರೆ," ಎಂದರು.

ಹೊರಗಿನ ಬೆಂಚಿನ ಮೇಲೆ ಮಗಳು ಕೇಳಿದಳು. "ನನ್ನ ಹತ್ರ ಯಾಕಮ್ಮ ಮುಚ್ಚಿಟ್ಟೆ?"

"ನೀನು ಹೆದರ್ತೀಯ ಅಂತ."

"ಈಗ ನಾನು ಹೆದರಿಲ್ವಾ?"



ಅಂದಿನಿಂದ ದಿನಾ ಬೆಳಿಗ್ಗೆ ಮಗಳು ಅವಳ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಪಟ್ಟಿ ಬಿಚ್ಚುತ್ತಿದ್ದಳು. ಪಾರ್ಲರಮ್ಮ ಪ್ರತಿಸಲವೂ ಗೋಡೆಗೆ ಮುಖ ಮಾಡಿ, "ಕಪ್ಪಾಗಿದೆಯೇನೇ?" ಎನ್ನುತ್ತಿದ್ದಳು. ಹತ್ತನೆಯ ವಾರ ಗಾಯ ಮುಚ್ಚಿತು. ಬೆರಳು ಐದೂ ಉಳಿದವು.