ತ್ರಾವೊರೆ ಏಳುತ್ತಿಲ್ಲ

"ಬೇಡ ಮೇಡಂ. ಎರಡು ಮಾತು ಹೇಳಿ ಬಂದುಬಿಡೋಣ. ಕ್ಯಾಮೆರಾದವರೆಲ್ಲ ಬಂದಿದ್ದಾರೆ," ಎಂದು ಕಾರ್ಯದರ್ಶಿ ಸೆಗಾ ಕಾರಿನೊಳಗೇ ಕೈಮುಗಿದ.

ವಿದೇಶಾಂಗ ಮಂತ್ರಿ ನ್ಯೆಲೆ ತ್ರಾವೊರೆ ಆಗಲೇ ಚಪ್ಪಲಿ ಕಳಚಿ, ವಾಚು ಬಿಚ್ಚಿ ಅವನ ಕೈಗಿಟ್ಟಿದ್ದಳು. "ಸಾವಿನ ಮನೆಗೆ ತ್ರಾವೊರೆ ಬಂದು ಬರೀ ಎರಡು ಮಾತಾಡಿ ಹೋದ್ರೆ ಜಾರಾ ಕುಲದವ್ರು ಏನಂದ್ಕೋತಾರೋ? ಸುಮ್ನೆ ಕೂತ್ಕೊ."

ಸಂತೆಯಲ್ಲಿ ಬಟ್ಟೆ ಮಾರುವವಳ ಮಗಳು, ಶಾಲೆಯಲ್ಲಿ ಪಾಠ ಹೇಳಿ, ಚುನಾವಣೆ ಗೆದ್ದು, ನಾಲ್ಕಾರು ರಾಜಧಾನಿಗಳಲ್ಲಿ ರಾಯಭಾರಿಯಾಗಿ ಈ ಕುರ್ಚಿಗೆ ಬಂದಿದ್ದಳು. ಅದರಲ್ಲಿ ಕೂತ ಮೊದಲ ಹೆಂಗಸು. ಈಗ ಅದೇ ಅಲ್ಲಾಡುತ್ತಿತ್ತು. ಪಕ್ಕದ ದೇಶ ಗಡಿಯ ಸೇತುವೆ ಮುಚ್ಚಿ ಒಂದು ಮಳೆಗಾಲವೇ ಕಳೆದಿತ್ತು. ಈರುಳ್ಳಿ ಲಾರಿಗಳು ನಿಂತಲ್ಲೇ ನಾರುತ್ತಿದ್ದವು. ಆ ದೇಶದ ಮಂತ್ರಿ ಜೂಮಾನಾ ಜಾರಾನ ಜೊತೆ ತಣ್ಣನೆ ಕೋಣೆಗಳಲ್ಲಿ ಮೂರು ಸಲ ಮಾತುಕತೆ ನಡೆದು, ಮೂರೂ ಸಲ ನೀರು ಕಡೆದಂತಾಗಿತ್ತು. "ಹೆಂಗಸಿನ ಕೈಲಿ ಇನ್ನೇನಾಗುತ್ತೆ" ಎನ್ನುವವರ ಬಾಯಿಗೆ ಬೀಗವಿರಲಿಲ್ಲ. ಈ ತಿಂಗಳೊಳಗೆ ದಾರಿ ತೆಗೆಸು, ಇಲ್ಲವೇ ರಾಜೀನಾಮೆ ಕೊಡು ಎಂದು ಅಧ್ಯಕ್ಷರೂ ಹೇಳಿಬಿಟ್ಟಿದ್ದರು.

ಇದರ ನಡುವೆಯೇ ಜೂಮಾನಾನ ಅಪ್ಪ ತೀರಿಕೊಂಡಿದ್ದ. ಇವತ್ತು ನಲವತ್ತನೆಯ ದಿನದ ಕಾರ್ಯ. ಸಾವಿನ ಮನೆಗೆ ಹೊರಟವರನ್ನು ತಡೆಯುವ ಹಾಗಿಲ್ಲವಲ್ಲ, ಸೇತುವೆಯ ಸಿಪಾಯಿಗಳು ಅವಳ ಒಂದು ಕಾರಿಗೆ ಮಾತ್ರ ಗೇಟು ಎತ್ತಿದ್ದರು.

ತ್ರಾವೊರೆ ಕುಲಕ್ಕೂ ಜಾರಾ ಕುಲಕ್ಕೂ ತಲೆತಲಾಂತರದಿಂದ ಗೇಲಿಯ ನಂಟು. ಅಲಸಂದೆಬಾಕ, ಆಳು ಎಂದು ಎಷ್ಟು ಬೈದರೂ ಸಿಟ್ಟಾಗುವಂತಿಲ್ಲ, ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಸಾವಿನ ಮನೆಯಲ್ಲೂ ಸತ್ತವರ ವೇಷ ಹಾಕಿ ನಗಿಸುವುದು ರೂಢಿ. ಆದರೆ ಜೂಮಾನಾ ಅರ್ಧ ಆಯುಷ್ಯ ಪ್ಯಾರಿಸಿನಲ್ಲಿ ಕಳೆದವನು. ಅವನು ಅವಮಾನವೆಂದುಕೊಂಡರೆ ಸೇತುವೆಯೂ ಹೋಯಿತು, ಕುರ್ಚಿಯೂ ಹೋಯಿತು. ನ್ಯೆಲೆಗೆ ನಿಜಕ್ಕೂ ಭಯವಾಗಿತ್ತು.

ಅಂಗಳದಲ್ಲಿ ಊರಿಗೆ ಊರೇ ಕೂತಿತ್ತು. ಬೇವಿನ ಮರದಡಿ ಮುದುಕನ ಚಾಪೆ ಖಾಲಿಯಿತ್ತು. ನ್ಯೆಲೆ ಮನೆಯ ಸೊಸೆಯಿಂದ ಮುದುಕನ ನಿಲುವಂಗಿ, ಟೊಪ್ಪಿಗೆ, ಕೋಲು ಇಸಿದುಕೊಂಡಳು. ಸೊಂಟ ಬಗ್ಗಿಸಿ, ಕೆಮ್ಮುತ್ತಾ ಬಂದವಳು ಚಾಪೆಯ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು.

"ಲೋ ಜೂಮಾನಾ! ಅಲಸಂದೆ ಬೆಂದಿತೇನೋ? ಅಪ್ಪ ಸತ್ತ ಅಂತ ಇಡೀ ಮಡಕೆ ನೀನೊಬ್ಬನೇ ಬಳಿದ್ಯಾ?"

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಜೂಮಾನಾನ ಮುಖ ಬಿಗಿಯಿತು. "ಮಾನ್ಯ ಸಚಿವರೇ, ದಯವಿಟ್ಟು ಎದ್ದೇಳಿ. ಜನ ನೋಡ್ತಿದ್ದಾರೆ."

"ಸತ್ತೋರು ತಾವಾಗಿ ಏಳ್ತಾರೇನೋ, ಅಲಸಂದೆಬಾಕ? ಅಷ್ಟೆಲ್ಲ ಓದ್ದೋನಿಗೆ ಇಷ್ಟೂ ಗೊತ್ತಿಲ್ವಾ?"

ಜೂಮಾನಾ ಸುತ್ತಲಿನ ಜನರತ್ತ ಒಮ್ಮೆ ನೋಡಿದ. ಆಮೇಲೆ ಕೋಟು ಬಿಚ್ಚಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ನಮ್ಮಪ್ಪ ಹೀಗೇ ಕೆಮ್ತಿದ್ದ," ಎಂದ. ಹೇಳುತ್ತಲೇ ನಗು ಬಂತು, ನಗುವಿನ ಜೊತೆಗೇ ಕಣ್ಣೀರು. "ಏಳೇ, ನಮ್ಮನೆ ಆಳೇ! ಅಪ್ಪನ ಟೊಪ್ಪಿಗೆ ಹಾಕ್ಕೊಳ್ಳೋಷ್ಟು ಕೊಬ್ಬಾ ನಿಂಗೆ? ಏನ್ ಕೊಟ್ರೆ ಏಳ್ತೀಯ? ಮೇಕೆನಾ, ಕುರಿನಾ?"

"ಸೇತುವೆ."

ಅವನು ತಲೆ ಕೆರೆದುಕೊಂಡ. ಹಿಂದಿನಿಂದ ಅವನ ಸೋದರತ್ತೆ ಕೂಗಿದಳು: "ಕೊಡೋ! ನಲವತ್ತರ ದಿನ ತ್ರಾವೊರೆಗೆ ಇಲ್ಲ ಅಂದ ಜಾರಾ ಇನ್ನೂ ಹುಟ್ಟಿಲ್ಲ!"

ಜೂಮಾನಾ ಅಂಗಳದಲ್ಲೇ ನಿಂತು ತನ್ನ ಅಧ್ಯಕ್ಷರಿಗೆ ಫೋನು ಮಾಡಿದ. "ಹೌದು ಸಾರ್, ತ್ರಾವೊರೆ. ಅಪ್ಪನ ಚಾಪೆ ಮೇಲೆ ಮಲಗಿದ್ದಾಳೆ. ಇಲ್ಲ ಸಾರ್, ಏಳ್ತಿಲ್ಲ." ಆ ಕಡೆಯವರು ಗಹಗಹಿಸಿ ನಕ್ಕಿದ್ದು ಚಾಪೆಯವರೆಗೂ ಕೇಳಿಸಿತು. ಫೋನು ಇಟ್ಟವನೇ ಜೂಮಾನಾ ಎರಡೂ ಕೈ ಚಾಚಿ ಅವಳನ್ನು ಎಬ್ಬಿಸಿದ. ಅಂಗಳದ ತುಂಬ ಹೆಂಗಸರ ಹರ್ಷದ ಉಲಿ ಎದ್ದಿತು.

ಸಂಜೆ ಹಿಂತಿರುಗುವಾಗ ಸೇತುವೆಯ ನಡುವೆ ಕಾರು ನಿಲ್ಲಬೇಕಾಯಿತು. ಎದುರಿನಿಂದ ಲಾರಿಗಳು ಸಾಲಾಗಿ ನುಗ್ಗಿ ಬರುತ್ತಿದ್ದವು. ಮೊದಲ ಲಾರಿಯವನು ತಲೆ ಹೊರಹಾಕಿ ಗದರಿದ: "ಯಾರಮ್ಮಾ ಅದು ಅಡ್ಡ? ದಾರಿ ಬಿಡು!"

"ಒಳಗಿರೋದು ಯಾರು ಗೊತ್ತೇನೋ?" ಎಂದು ಸೆಗಾ ಕೆಂಡವಾಗಿ ಇಳಿಯಹೋದ. ನ್ಯೆಲೆ ಅವನ ತೋಳು ಹಿಡಿದು ಕೂರಿಸಿದಳು.

"ಹಿಂದಕ್ಕೆ ತಗೊಳ್ಳಪ್ಪ," ಎಂದು ಚಾಲಕನಿಗೆ ಹೇಳಿದಳು.

ಕಾರು ಸೇತುವೆಯ ತುದಿಯವರೆಗೂ ಹಿಂದೆ ಸರಿದು ಬದಿಗೆ ನಿಂತಿತು. ಬೆನ್ನಿಗಂಟಿದ ಮಣ್ಣನ್ನು ಕೊಡವಿಕೊಳ್ಳದೆ ಅವಳು ಕಿಟಕಿ ಇಳಿಸಿಕೊಂಡು, ಒಂದರ ಹಿಂದೊಂದು ಲಾರಿ ದಾಟುವುದನ್ನು ನೋಡುತ್ತಾ ಕೂತಳು.