ಚೌಕಟ್ಟಿನ ಮೂರನೇ ಸಾಲು

ಟೈಲರಮ್ಮ ಸೋದರಮಾವನ ಮನೆಗೆ ಓಡಿ ಬಂದದ್ದು ಒಂದು ತುಂಡು ಮರಕ್ಕಾಗಿ. ಗೆದ್ದಲು ಹಿಡಿದ ನಡುಮನೆ ಬಾಗಿಲಿನ ಚೌಕಟ್ಟನ್ನು ಬಡಗಿ ಇವತ್ತು ಕೀಳುತ್ತಾನೆಂದು ಮಾವ ಫೋನಿನಲ್ಲಿ ಹೇಳಿದ್ದೇ ತಡ, ಅರ್ಧ ಹೊಲಿದ ಅಂಗಿಯನ್ನು ಮಷಿನ್ನಿನ ಮೇಲೆಯೇ ಬಿಟ್ಟು, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಬಸ್ಸು ಹತ್ತಿದ್ದಳು.

ಬೇಸಿಗೆ ರಜೆ ಬಂತೆಂದರೆ ತಾತ ಆ ಚೌಕಟ್ಟಿಗೆ ಮಕ್ಕಳನ್ನು ಒರಗಿಸಿ ನಿಲ್ಲಿಸಿ, ನೆತ್ತಿಯ ಮೇಲೆ ಪುಸ್ತಕವಿಟ್ಟು, ಚಾಕುವಿನಿಂದ ಗೆರೆ ಕೊರೆದು ಪಕ್ಕದಲ್ಲಿ ವಯಸ್ಸು ಕೆತ್ತುತ್ತಿದ್ದರು. ಒಟ್ಟು ಮೂರು ಸಾಲು. ಎರಡು ಮಾವನ ಹೆಣ್ಣುಮಕ್ಕಳವು, ಅದರಲ್ಲಿ ತಕರಾರಿಲ್ಲ. ಮೂರನೆಯದು ತನ್ನದೆಂದು ಇವಳು ನಲವತ್ತು ವರ್ಷ ನಂಬಿಕೊಂಡಿದ್ದಳು. ರಜೆಗೆ ಬಂದು ಹೋಗುವ ಮಗಳ ಮಗಳನ್ನೂ ಈ ಮನೆ ಲೆಕ್ಕಕ್ಕೆ ಇಟ್ಟಿತ್ತು ಎನ್ನಲು ಬೇರೆ ಸಾಕ್ಷಿ ಏನಿದೆ?

"ನಿಂದೆಲ್ಲಿಂದ ಬಂತು? ಅದು ನಂದು ಕಣೇ!" ಆ ಸಾಲಿರುವ ತುಂಡು ಕೇಳಿದ್ದೇ ಮಾವ ಗದರಿದರು. "ನಾನು ಚಿಕ್ಕವನಿದ್ದಾಗ ಅಪ್ಪ ಹಾಕಿದ್ದು. ಕೊಡಲ್ಲ ಹೋಗು."

ಅವಳು ಚೌಕಟ್ಟಿನತ್ತ ತಿರುಗಿದಳು. ಬೆನ್ನಿಗೆ ಒತ್ತುತ್ತಿದ್ದ ಮರ, ಕಿವಿಯ ಮೇಲೆ ಚಾಕುವಿನ ಕರಕರ, ಅಂಗಾಲಿಗೆ ತಣ್ಣನೆಯ ನೆಲ, ಎಲ್ಲ ನೆನಪಿದೆಯಲ್ಲ! ಅಥವಾ ಬೇರೆಯವರು ನಿಂತಿದ್ದನ್ನು ನೋಡಿ ನೋಡಿ ತಾನೇ ನಿಂತಿದ್ದೆ ಅಂದುಕೊಂಡಳೋ? ಒಂದೂ ಬಗೆಹರಿಯಲಿಲ್ಲ.

ಅಭ್ಯಾಸಬಲ, ಕೈ ಟೇಪು ಹಿಡಿಯಿತು. ಏಳರ ಗೆರೆ ಸರಿ. ಎಂಟರದು ದಿಢೀರನೆ ಮೇಲೆ. ಒಂಬತ್ತರದು ಅದಕ್ಕಿಂತ ಒಂದಿಂಚು ಕೆಳಗೆ!

"ಮಾವ, ಒಂಬತ್ತಕ್ಕೆ ಕುಳ್ಳಾಗಿಬಿಟ್ರಾ?"

"ಜ್ವರಗಿರ ಬಂದಿತ್ತೇನೋ," ಎಂದು ಮಾವ ತಡವರಿಸಿದರು.

ಎಂಟರ ಗೆರೆಯ ಪಕ್ಕದಲ್ಲೇ ಒಂದು ತುಕ್ಕು ಹಿಡಿದ ಮೊಳೆ. ಅದನ್ನು ಕಂಡದ್ದೇ ಅವಳಿಗೆ ನೆನಪಾಯಿತು. ನೆತ್ತಿ ಮೊಳೆ ಮುಟ್ಟಿದವರಿಗೆ ಮಾತ್ರ ಬಾವಿಯಿಂದ ನೀರು ಸೇದುವ ಹಗ್ಗ, ಅದು ತಾತನ ಕಾನೂನು. ಎಂಟನೇ ವಯಸ್ಸಿನಲ್ಲಿ ಇವಳು ಕದ್ದು ಹಿಮ್ಮಡಿ ಎತ್ತಿದ್ದಳು. ತಾತ ಗೆರೆ ಕೊರೆದು ಹಗ್ಗ ಕೊಟ್ಟೇಬಿಟ್ಟರು. ಆಮೇಲೆ ಆ ಬೇಸಿಗೆಯಿಡೀ, ನೆಲ ಕಾದು ಕಾಲಿಡಲಾಗದಂಥ ಬಿಸಿಲಲ್ಲಿ, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಅವಳ ಹಿಂದೆಯೇ ನಿಂತಿರುತ್ತಿದ್ದರು. ಕೇಳಿದರೆ, "ಗಾಳಿಗೆ ನಿಂತಿದೀನಿ ಕಣೇ." ಒಂದು ಮರವೂ ಇಲ್ಲದ ಹಿತ್ತಿಲಲ್ಲಿ ಎಂಥ ಗಾಳಿ?

"ಇದು ನಂದೇ ಮಾವ. ನಾನು ಹಿಮ್ಮಡಿ ಎತ್ತಿದ್ದೆ. ತಾತಂಗೆ ಗೊತ್ತಿತ್ತು!"

ಮಾವ ಗೆರೆಗಳ ಮೇಲೆ ಬೆರಳಾಡಿಸಿದರು. "ಹೌದು, ಆ ಬೇಸಿಗೆ ಅಪ್ಪ ಬಾವಿ ಬಿಟ್ಟು ಕದಲಿರಲಿಲ್ಲ," ಎಂದರು. ಆಮೇಲೆ, ಸಣ್ಣ ದನಿಯಲ್ಲಿ, "ಹಾಗಾದ್ರೆ ನನ್ನನ್ನ ಅಪ್ಪ ಅಳೀಲೇ ಇಲ್ವೇನೇ?"

ಗೆದ್ದದ್ದೋ ಕಿತ್ತುಕೊಂಡದ್ದೋ ಅವಳಿಗೆ ತಿಳಿಯಲಿಲ್ಲ. ಹೊರಗೆ ಬಡಗಿ ಗರಗಸ ಮಸೆಯುತ್ತಿದ್ದ. ಸ್ವಲ್ಪ ತಡೆಯಪ್ಪಾ ಎಂದು ಅವನಿಗೆ ಕೂಗಿ, ಚೀಲದಿಂದ ಸೀಮೆಸುಣ್ಣ, ಅಳತೆ ಪುಸ್ತಕ ತೆಗೆದಳು.

"ಬನ್ನಿ ಮಾವ, ಒರಗಿ ನಿಂತ್ಕೊಳ್ಳಿ."

"ಅರವತ್ತೆಂಟಕ್ಕೆ ಅಳತೆಯಂತೆ ಅಳತೆ! ತಲೆ ಕೆಟ್ಟಿದೆ ನಿಂಗೆ," ಎಂದು ಗೊಣಗುತ್ತಲೇ ಮಾವ ಚಪ್ಪಲಿ ಬಿಟ್ಟು ಬಂದು ನಿಂತರು.

ಅವಳು ನೆತ್ತಿಯ ಮೇಲೆ ಪುಸ್ತಕವಿಟ್ಟಳು. ಪುಸ್ತಕ ಮೆಲ್ಲಗೆ ಮೇಲೆದ್ದಿತು. ಟೈಲರಮ್ಮ ಕೆಳಗೆ ನೋಡಲಿಲ್ಲ. ಪುಸ್ತಕ ನಿಂತಲ್ಲಿಗೇ ಗೆರೆ ಎಳೆದಳು.