ಬಾಟ್ಲಿ ಮಾಮನ ಬುಧವಾರ

ಗಾಡಿಯ ಹಿಂಬದಿಗೆ ಸೋಪಿನ ಪುಡಿ ಸುರಿದು ಡ್ರೈವರಮ್ಮ ಗಸಗಸ ತಿಕ್ಕುತ್ತಿದ್ದಳು. ಈರುಳ್ಳಿ ಸಿಪ್ಪೆ ಮೂಲೆಮೂಲೆಗೂ ಅಂಟಿಕೊಂಡಿತ್ತು. ಮೂರು ಸಲ ಪೈಪಿನ ನೀರು ಬಿಟ್ಟರೂ ವಾಸನೆ ಹೋಗಲೊಲ್ಲದು.

"ಆಸ್ಪತ್ರೆಗೆ ಒಂದು ಫೋನ್ ಮಾಡಿದ್ರೆ ಶವದ ವ್ಯಾನ್ ಬರುತ್ತಮ್ಮ," ಎಂದ ಎದುರುಮನೆಯ ಟೈಲರ್, ಬಾಗಿಲ ಬಳಿ ನಿಂತು. "ಇಂಥ ದಿನಾನೂ ಗಾಡಿ ತೊಳ್ಕೊಂಡು ಕೂತ್ಕೊಳ್ಳೋದಾ?"

"ನಮ್ಮಪ್ಪ ಬೇರೆ ಯಾರ ಗಾಡೀಲೂ ಹೋಗಲ್ಲ. ನನ್ನದ್ರಲ್ಲೇ ಹೋಗೋದು."

ಆ ದನಿ ಕೇಳಿದ ಮೇಲೆ ಟೈಲರ್ ಪೈಪು ಎತ್ತಿ ಅವಳ ಕೈಗೆ ಕೊಟ್ಟ. ಮಾರ್ಕೆಟ್ಟಿನಿಂದ ಅಂಗಡಿ ಅಂಗಡಿಗೆ ತರಕಾರಿ ಸಾಗಿಸುವ ಈ ಮೂರು ಚಕ್ರದ ಗಾಡಿಯನ್ನು ಅವಳು ಒಂಬತ್ತು ವರ್ಷದಿಂದ ಓಡಿಸುತ್ತಿದ್ದಾಳೆ. ಅವಳೊಂದಿಗೆ ವಾದಕ್ಕಿಳಿದು ಗೆದ್ದವರು ಆ ಬೀದಿಯಲ್ಲಿ ಯಾರೂ ಇಲ್ಲ. ಗೆದ್ದಿದ್ದರೆ ಅಪ್ಪ ಒಬ್ಬರೇ. ಅದೂ ಮಾತೇ ಆಡದೆ.

ಆ ಅಪ್ಪ ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಊರಿಗೆಲ್ಲ ಅವರು ಬಾಟ್ಲಿ ಮಾಮ. ರಿಫೈನರಿಯ ಲ್ಯಾಬಿನಲ್ಲಿ ಇಪ್ಪತ್ತೇಳು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಬುಧವಾರ ಬಂತೆಂದರೆ ದೋಣಿ ಹತ್ತಿ ಕೆರೆಯ ನಡುಮಧ್ಯಕ್ಕೆ ಹೋಗಿ, ನೀರು ತುಂಬಿ ತಂದು ಬಾಟಲಿಯಲ್ಲಿ ಲ್ಯಾಬಿಗೆ ಕೊಡುವುದು. ನೀರಿನಲ್ಲಿ ಎಣ್ಣೆಯ ಅಂಶ ಎಷ್ಟಿದೆ ಎಂಬ ಅಂಕಿಯನ್ನು ಗುರುವಾರ ಕಾರ್ಖಾನೆಯ ಗೇಟಿನ ಬೋರ್ಡಿಗೆ ಬರೆಯುತ್ತಿದ್ದರು. ಅದರ ಕೆಳಗೆ ಸದಾ ಅದೇ ಎರಡು ಪದ, 'ಮಿತಿಯೊಳಗೆ ಇದೆ.' ಜನ ಅದನ್ನು ಓದಿ, ನಿಶ್ಚಿಂತೆಯಿಂದ ಅದೇ ಕೆರೆಯ ಮೀನು ಕೊಂಡು ಮನೆಗೆ ಹೋಗುತ್ತಿದ್ದರು.

ತಲೆಯ ಪಕ್ಕ ದೋಣಿಯಣ್ಣ ಕೂತಿದ್ದ. ಬೆಳಗಿನಿಂದ ಎದ್ದಿರಲಿಲ್ಲ. ಟವೆಲ್ಲಿನಿಂದ ನೊಣ ಓಡಿಸುತ್ತ, ನಡುನಡುವೆ ಗೆಳೆಯನ ಹಣೆ ಮುಟ್ಟಿ ನೋಡುತ್ತಿದ್ದ, ಜ್ವರ ಬಿಟ್ಟಿತೋ ಇಲ್ಲವೋ ಎಂಬಂತೆ. ಇಪ್ಪತ್ತೇಳು ವರ್ಷ ಅಪ್ಪನನ್ನು ಕೆರೆಯ ನಡುವಿಗೆ ಕರೆದೊಯ್ದವನು ಅವನೇ. ಡ್ರೈವರಮ್ಮನಿಗೆ ಅವನು ಚಿಕ್ಕಪ್ಪ. ರಕ್ತಸಂಬಂಧ ಏನೂ ಇಲ್ಲ, ಆದರೆ ಅವಳಿಗೆ ಈಜು ಕಲಿಸಿದವನು ಅವನು.

ಒಳಗೆ ಹೋದವಳು ಅವನ ಮುಖ ನೋಡಲಾಗದೆ ಮತ್ತೆ ಹೊರಬಂದು, ತೊಳೆದ ಗಾಡಿಯನ್ನೇ ಇನ್ನೊಮ್ಮೆ ತೊಳೆದಳು.

*

ಆರು ತಿಂಗಳ ಹಿಂದೆ ಇದೇ ಬಾಗಿಲ ಮುಂದೆ ಚಿಕ್ಕಪ್ಪನಿಗೂ ಅವಳಿಗೂ ಜೋರು ಜಗಳವಾಗಿತ್ತು. ರಿಫೈನರಿಯನ್ನು ಈಗಿರುವುದಕ್ಕಿಂತ ಎರಡರಷ್ಟು ದೊಡ್ಡದು ಮಾಡುತ್ತಾರೆ ಎಂಬ ಸುದ್ದಿ ಆಗ ತಾನೇ ಬಂದಿತ್ತು. ಕೆರೆಯ ದಡದವರ ಒಪ್ಪಿಗೆ ಬೇಕು, ದೋಣಿಯವರ ಸಂಘದ ಸಹಿ ಬೇಕು. ಸಂಘಕ್ಕೆ ದೋಣಿಯಣ್ಣನೇ ಹಿರಿಯ.

"ಬಲೆ ಎತ್ತಿದ್ರೆ ಸೀಮೆಎಣ್ಣೆ ವಾಸನೆ ಹೊಡೆಯುತ್ತೆ ಕಣೇ," ಎಂದ ಅವನು. "ಇನ್ನೂ ದೊಡ್ಡದು ಮಾಡಿದ್ರೆ ಗತಿ ಏನು?"

"ನಿಮಗೇನು ಚಿಕ್ಕಪ್ಪ, ದೋಣಿಗೆ ಹುಟ್ಟು ಸಾಕು. ನನ್ನ ಗಾಡಿ ಹುಟ್ಟು ಹಾಕಿದ್ರೆ ಓಡುತ್ತಾ? ಡೀಸೆಲ್ ರೇಟು ಕೇಳಿದ್ರೆ ಎದೆ ಒಡೆಯುತ್ತೆ. ಇಲ್ಲೇ ತಯಾರಾದ್ರೆ ನಮಗೆ ಕಮ್ಮಿಗೆ ಕೊಡ್ತಾರಂತೆ. ವಾಸನೆಯಂತೆ ವಾಸನೆ! ಅಪ್ಪನ ಅಂಕಿ ಇದೆಯಲ್ಲ ಬೋರ್ಡಲ್ಲಿ, ಹೋಗಿ ಓದಿ."

ದೋಣಿಯಣ್ಣ ಅಪ್ಪನ ಕಡೆ ತಿರುಗಿದ. "ನೀನು ಹೇಳಯ್ಯ. ನಿಜವಾಗ್ಲೂ ಚೆನ್ನಾಗಿದೆಯಾ ನೀರು?"

ಅಪ್ಪ ಚಹಾದ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದರು. ಏನು ಕೇಳಿದರೂ ಯೋಚಿಸಿಯೇ ಹೇಳುವ ಮನುಷ್ಯ.

"ನಾನೇ ತಂದಿದ್ದು, ನನ್ನ ಎದುರಿಗೇ ಅಳೆದಿದ್ದು," ಎಂದರು. "ಮಿತಿಯೊಳಗೇ ಇದೆ."

"ಹಂಗಾದ್ರೆ ನನ್ನ ಮೂಗೇ ಕೆಟ್ಟಿದೆ ಬಿಡು," ಎಂದು ದೋಣಿಯಣ್ಣ ನಕ್ಕುಬಿಟ್ಟ. ಆಮೇಲೆ ಆ ಮಾತು ಎತ್ತಲಿಲ್ಲ.

*

ಹತ್ತು ಗಂಟೆಗೆ ಕಾರ್ಖಾನೆಯ ಸಾಹೇಬರು ದೊಡ್ಡ ಹೂವಿನ ಚಕ್ರ ಹಿಡಿದು ಬಂದರು. ಚಪ್ಪಲಿ ಕಳಚಿ, ತಲೆ ಬಾಗಿಸಿ ನಿಂತರು. ಕಣ್ಣು ಒದ್ದೆಯಾಗಿದ್ದು ನಾಟಕವೇನೂ ಅಲ್ಲ.

"ಒಂದು ಬುಧವಾರ ತಪ್ಪಿಸಿದವರಲ್ಲಮ್ಮ," ಎಂದರು ಅಮ್ಮನಿಗೆ. "ನಾಳೆ ಸಭೆ ಇದೆಯಲ್ಲ, ವಿಸ್ತರಣೆದು. ಅವರ ನೆನಪಲ್ಲಿ ಎರಡು ನಿಮಿಷ ಮೌನ ಇಟ್ಕೊಂಡಿದ್ದೀವಿ. ಅವರ ಅಂಕಿಗಳನ್ನ ಮುಂದಿಟ್ಕೊಂಡೇ ನಾವು ಮಾತಾಡೋದು. ಅದೇ ನಮ್ಮ ಧೈರ್ಯ."

"ದೇವರಂಥ ಮನುಷ್ಯ," ಎಂದ ಟೈಲರ್. "ಬಾಟ್ಲಿ ಮಾಮ ಹೇಳಿದ ಅಂದ್ರೆ ಮುಗೀತು. ಆಮೇಲೆ ಇನ್ನೊಬ್ಬರನ್ನ ಕೇಳೋ ಹಂಗಿಲ್ಲ."

"ಹೌದಪ್ಪ ಹೌದು," ಎಂದು ದೋಣಿಯಣ್ಣ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಡ್ರೈವರಮ್ಮ ಸೋಪಿನ ಕೈಯಲ್ಲೇ ಅಡುಗೆಮನೆಗೆ ಹೋದಳು. ಹಿಂದೆಯೇ ಅಮ್ಮ ಬಂದು ಬಾಗಿಲು ಮುಂದೆ ಮಾಡಿದಳು.

"ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಇವತ್ತು ಹೇಳ್ತೀಯಾ ಅವನಿಗೆ?"

"ಅಪ್ಪನಿಗೆ ಮಾತು ಕೊಟ್ಟಿದ್ದೀನಿ."

"ಮಣ್ಣು ಮಾಡೋವರೆಗಾದ್ರೂ ಸುಮ್ಮನಿರೇ. ಇಡೀ ಬೀದಿ ಅಳ್ತಾ ಇದೆ ಅವರಿಗೋಸ್ಕರ. ಅಷ್ಟೂ ಬೇಡವಾ ಅವರಿಗೆ?" ಅಮ್ಮ ಅವಳ ತೋಳು ಹಿಡಿದಳು. "ಒಂದು ದಿನ, ಒಂದೇ ಒಂದು ದಿನ ಒಳ್ಳೆಯವರಾಗಿ ಮಲಗ್ಲಿ."

"ಸಭೆ ನಾಳೆ ಬೆಳಿಗ್ಗೆ ಅಮ್ಮ. ಎಲ್ಲರ ಜೊತೆ ಕೂತು ಮೈಕಲ್ಲಿ ಕೇಳ್ಬೇಕಾ ಚಿಕ್ಕಪ್ಪ ಇದನ್ನ?"

ಅಮ್ಮ ಸೆರಗಿನಿಂದ ಮಗಳ ಕೈಗೆ ಅಂಟಿದ್ದ ಸೋಪಿನ ನೊರೆ ಒರೆಸಿ ಹೊರಟುಹೋದಳು.

*

ಹದಿನೈದು ದಿನದ ಹಿಂದೆ, ಆಸ್ಪತ್ರೆಯಲ್ಲಿ. ಸಂಜೆಯ ಭೇಟಿ ಮುಗಿಸಿ ದೋಣಿಯಣ್ಣ ಆಗಷ್ಟೇ ಎದ್ದು ಹೋಗಿದ್ದ. ದಿನಾ ಬರುತ್ತಿದ್ದ, ಅಪ್ಪನ ಕಾಲು ಒತ್ತುತ್ತಿದ್ದ, ಬಾಯಿಗೆ ಬಂದ ತಮಾಷೆ ಮಾಡಿ ಹೋಗುತ್ತಿದ್ದ. ಅವನು ಹೋದ ಮೇಲೆ ಅಪ್ಪ ಗೋಡೆಯ ಕಡೆ ಹೊರಳಿ ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಪ್ಪ ಅಳುವುದನ್ನು ಅವಳು ಕಂಡದ್ದು ಅದೇ ಮೊದಲು.

"ಇವತ್ತೂ ಹೇಳಕ್ಕಾಗ್ಲಿಲ್ಲ," ಎಂದರು. "ದಿನಾ ಹೇಳ್ಬೇಕು ಅಂತ ಬಾಯಿ ತೆಗೀತೀನಿ. ಅವನು ಕಾಲು ಒತ್ತಕ್ಕೆ ಶುರು ಮಾಡ್ತಾನೆ."

ಆಮೇಲೆ ಒಂದೊಂದಾಗಿ ಹೇಳಿದರು. ಹನ್ನೊಂದು ವರ್ಷದ ಹಿಂದೆ ಗಾಳಿಗೆ ದೋಣಿ ವಾಲಿ ಗಾಜಿನ ಬಾಟಲಿಗಳು ಒಡೆದಿದ್ದವು. ದೋಣಿಯಣ್ಣನ ಅಂಗಾಲು ಸೀಳಿಹೋಗಿ, ಎರಡು ತಿಂಗಳು ನೆಲಕ್ಕೆ ಕಾಲು ಊರಲಾಗಲಿಲ್ಲ. ಅವತ್ತಿನಿಂದ ಅಪ್ಪ ಗಾಜನ್ನು ದೋಣಿಗೆ ಹತ್ತಿಸಲಿಲ್ಲ. ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ತಂದು, ದಡಕ್ಕೆ ಬಂದು ಬಾಟಲಿಗೆ ಸುರಿಯುತ್ತಿದ್ದರು. ಸುರಿಯುವವರು ಅವರು, ಅಳೆಯುವವರು ಇನ್ನೊಬ್ಬರು. ಲ್ಯಾಬಿನಲ್ಲಿ ಬಾಟಲಿ ನೋಡಿದವರೇ ಎಲ್ಲ, ಕ್ಯಾನು ನೋಡಿದವರು ಯಾರೂ ಇಲ್ಲ.

ನಾಲ್ಕು ತಿಂಗಳ ಹಿಂದೆ ಲ್ಯಾಬಿಗೆ ಹೊಸದಾಗಿ ಬಂದ ಕೆಮಿಸ್ಟ್ ಹುಡುಗಿ ದಡದಲ್ಲಿ ನಿಂತು ನೋಡಿದಳು. "ಅಯ್ಯೋ ಮಾಮ, ಇದೇನು ಮಾಡ್ತಿದ್ದೀರಿ!" ಎಂದಳು. "ಎಣ್ಣೆ ಪ್ಲಾಸ್ಟಿಕ್ಕಿಗೆ ಅಂಟ್ಕೊಂಡುಬಿಡುತ್ತೆ. ಎಣ್ಣೆ ಕ್ಯಾನಲ್ಲೇ ಉಳೀತು, ಬಾಟ್ಲಿಗೆ ಬಂದಿದ್ದು ಬರೀ ನೀರು." ಮುಂದಿನ ಬುಧವಾರ ಅಪ್ಪ ಒಂದು ಗಾಜಿನ ಬಾಟಲಿಯನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಹೋದರು. ಅದರಲ್ಲಿ ತಂದ ನೀರಿನ ಅಂಕಿ ಬೋರ್ಡಿನ ಅಂಕಿಯ ಏಳರಷ್ಟು, ಮಿತಿಗಿಂತ ಎಷ್ಟೋ ಮೇಲೆ.

"ಮೇಲಿನವರಿಗೆ ಹೇಳ್ದೆ. ಸಭೆ ಮುಗೀಲಿ, ಆಮೇಲೆ ಬಾಟ್ಲಿ ಬದಲಾಯಿಸೋಣ ಅಂದ್ರು. ನಾನೂ ಸುಮ್ಮನಾದೆ. ಹನ್ನೊಂದು ವರ್ಷ ತಪ್ಪು ಮಾಡ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಎರಡು ತಿಂಗಳ ಹಿಂದೆ ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಕ್ಕೆ ಬಂದ. ಪೆನ್ನು ಇರ್ಲಿಲ್ಲ ಅವನ ಹತ್ರ." ಅಪ್ಪ ಉಸಿರು ಎಳೆದುಕೊಂಡರು. "ನಾನೇ ಕೊಟ್ಟೆ ಪುಟ್ಟಿ. ನನ್ನ ಜೇಬಿಂದ ತೆಗೆದು ಕೊಟ್ಟೆ."

ಅವಳಿಗೆ ಸಿಟ್ಟು ನೆತ್ತಿಗೇರಿತು. "ನನಗ್ಯಾಕೆ ಹೇಳ್ತೀರಪ್ಪ ಇದನ್ನ? ನಾನು ಏನು ಮಾಡ್ಲಿ?"

"ನಾನು ಹೋದ್ಮೇಲೆ ಅವನಿಗೆ ಹೇಳು. ಸಭೇಲೂ ಹೇಳು. ಇರೋವಾಗ ಬೇಡ. ಅವನ ಮುಖ ನೋಡೋ ಶಕ್ತಿ ನನಗಿಲ್ಲ."

"ನನಗಿದೆಯಾ?" ಎಂದು ಕಿರುಚಿದಳು. ನರ್ಸ್ ಬಾಗಿಲಲ್ಲಿ ಇಣುಕಿ ನೋಡಿದಳು. ಅಪ್ಪ ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡರು. ಹೂಂ ಎನ್ನುವವರೆಗೂ ಬಿಡಲಿಲ್ಲ.

*

ಹನ್ನೊಂದಕ್ಕೆ ಅಪ್ಪನನ್ನು ಚಟ್ಟದ ಸಮೇತ ಗಾಡಿಗೆ ಏರಿಸಿದರು. ದೋಣಿಯಣ್ಣ ಪಕ್ಕದಲ್ಲೇ ಹತ್ತಿ ಕೂತು, ಅಲುಗದಂತೆ ಒಂದು ಕೈ ಎದೆಯ ಮೇಲಿಟ್ಟ. ಟೈಲರ್ ಮುಂದೆ, ಅವಳ ಪಕ್ಕದಲ್ಲಿ. ಉಳಿದವರು ನಡೆದು ಬರುತ್ತಾರೆ ಎಂದಾಯಿತು. ಸ್ಮಶಾನ ಇರುವುದು ಕೆರೆಯ ಆಚೆ ತುದಿಯಲ್ಲಿ.

ಕೆರೆ ಏರಿಯ ಮೇಲೆ ಅರ್ಧ ದಾರಿ ಬಂದಿರಬಹುದು. ಗಾಡಿ ಒಮ್ಮೆ ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ನಿಂತೇಬಿಟ್ಟಿತು.

"ಏನಾಯ್ತಮ್ಮ?" ಎಂದ ಟೈಲರ್.

ಡ್ರೈವರಮ್ಮ ಸ್ಟೇರಿಂಗಿಗೆ ಹಣೆ ಒತ್ತಿಕೊಂಡಳು. ಎಷ್ಟು ಸುತ್ತೋ ಅಷ್ಟೇ ಡೀಸೆಲ್ ಹಾಕಿಸುವುದು ಅವಳ ರೂಢಿ. ಟ್ಯಾಂಕ್ ತುಂಬಿಸುವಷ್ಟು ದುಡ್ಡಿದ್ದರೆ ತಾನೇ! ನಾಲ್ಕು ದಿನದಿಂದ ಆಸ್ಪತ್ರೆಗೂ ಮನೆಗೂ ಅಲೆದು, ಡೀಸೆಲ್ ಮುಳ್ಳು ನೋಡುವುದನ್ನೇ ಮರೆತಿದ್ದಳು.

"ಡೀಸೆಲ್ ಖಾಲಿ."

"ಡಬ್ಬದಲ್ಲಿ ತರ್ಲಾ?"

"ತಂದ್ರೂ ಈಗಲೇ ಸ್ಟಾರ್ಟ್ ಆಗಲ್ಲ ಅಣ್ಣ. ಪೈಪಲ್ಲಿ ಏರ್ ಹಿಡಿದಿರುತ್ತೆ, ಅದನ್ನ ತೆಗೀಬೇಕು."

"ಹಾಗಿದ್ರೆ ಹೊತ್ಕೊಂಡೇ ಹೋಗೋಣ ಬಿಡು, ಇನ್ನೇನು ದೂರ ಇಲ್ಲ. ಹಿಂದೆ ಬರ್ತಿರೋ ಲ್ಯಾಬಿನ ಹುಡುಗರನ್ನ ಬೇಗ ಬರಕ್ಕೆ ಹೇಳ್ತೀನಿ," ಎಂದು ಟೈಲರ್ ಬಂದ ದಾರಿಯಲ್ಲೇ ದಾಪುಗಾಲು ಹಾಕಿದ.

ಏರಿಯ ಮೇಲೆ ಮೂವರೇ ಉಳಿದರು, ಅದರಲ್ಲಿ ಒಬ್ಬರು ಮಲಗಿದ್ದರು. ದೋಣಿಯಣ್ಣ ಕೆಳಗಿಳಿದು ಸೊಂಟ ನೆಟ್ಟಗೆ ಮಾಡಿಕೊಂಡ. ಕೆರೆಯ ಕಡೆ ನೋಡಿ ಸಣ್ಣಗೆ ನಕ್ಕ. "ನೋಡು, ಎಲ್ಲಿ ನಿಲ್ಲಿಸ್ಕೊಂಡ! ಬಿಟ್ಟು ಹೋಗಕ್ಕೆ ಮನಸ್ಸಿಲ್ಲ ಇವನಿಗೆ."

"ಚಿಕ್ಕಪ್ಪ, ಆ ಬೋರ್ಡಿನ ಅಂಕಿ ಸುಳ್ಳು."

"ಯಾವುದು?"

"ಅಪ್ಪಂದು. ಹನ್ನೊಂದು ವರ್ಷದ್ದೂ ಸುಳ್ಳು." ಒಂದೇ ಉಸಿರಿಗೆ ಹೇಳಿದಳು. ಕ್ಯಾನು, ಬಾಟಲಿ, ಅಂಟಿಕೊಂಡ ಎಣ್ಣೆ, ಏಳರಷ್ಟು. ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದು ಎಂಬ ಭಯ ಅವಳಿಗೆ.

ದೋಣಿಯಣ್ಣ ತನ್ನ ಎಡಗಾಲು ನೋಡಿಕೊಂಡ. "ಗಾಜು ಬಿಟ್ಟಿದ್ದು ಇದಕ್ಕೋಸ್ಕರ."

"ಹೂಂ."

"ಪಾಪ, ಅವನಿಗೇನು ಗೊತ್ತು," ಎಂದ. ಕಣ್ಣಿಂದ ನೀರು ದಳದಳ ಇಳಿಯಿತು. "ಹುಚ್ಚಪ್ಪ! ನನ್ನ ಕಾಲು ದೊಡ್ಡದಾಯ್ತಾ ಅವನಿಗೆ! ಇರ್ಲಿ ಬಿಡು ಮಗಳೇ. ಗೊತ್ತಿಲ್ಲದೆ ಮಾಡಿದ್ದಕ್ಕೆ ಏನಿದೆ."

ಅಷ್ಟಕ್ಕೇ ಬಿಡಬಹುದಿತ್ತು. ಅವನು ಕ್ಷಮಿಸಿಯಾಗಿತ್ತು. ಅಮ್ಮ ಕೇಳಿದ ಆ ಒಂದು ದಿನವೂ ಅಪ್ಪನಿಗೆ ಸಿಗುತ್ತಿತ್ತು. ಆದರೆ ಚಿಕ್ಕಪ್ಪ ನಾಳೆಯಲ್ಲ ನಾಡಿದ್ದು ಆ ಕೆಮಿಸ್ಟ್ ಹುಡುಗಿಯ ಬಾಯಿಂದ ಕೇಳಿಯೇ ಕೇಳುತ್ತಾನೆ, ಆಗ ತನ್ನ ಮುಖವನ್ನೂ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಆಮೇಲೆ ಅಪ್ಪನಿಗೆ ಗೊತ್ತಾಯ್ತು ಚಿಕ್ಕಪ್ಪ. ನಾಲ್ಕು ತಿಂಗಳಾಯ್ತು."

"ಏನು ಗೊತ್ತಾಯ್ತು?"

"ಎಲ್ಲಾ."

ಅವನು ಗಾಡಿಯಲ್ಲಿ ಮಲಗಿದ್ದ ಗೆಳೆಯನ ಕಡೆ ತಿರುಗಿದ.

"ನಾಲ್ಕು ತಿಂಗಳು ನನ್ನ ದೋಣೀಲಿ ಕೂತಿದ್ದ," ಎಂದ. "ನನ್ನ ಮನೇಲಿ ಊಟ ಮಾಡಿದ. ಪೆನ್ನು ಕೊಟ್ಟ."

"ದಿನಾ ಹೇಳ್ಬೇಕು ಅಂತಿದ್ರು. ಆಸ್ಪತ್ರೇಲಿ ಅಳ್ತಿದ್ರು ಚಿಕ್ಕಪ್ಪ..."

"ನನ್ನ ಹೆಂಡ್ತಿ ಮೀನಲ್ಲಿ ಸೀಮೆಎಣ್ಣೆ ವಾಸನೆ ಬರುತ್ತೆ ಅಂದಾಗೆಲ್ಲ ಬೈದೆ. ತಟ್ಟೆ ಎಸೆದೆ ಒಂದು ಸಲ. ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದೆ. ಆಮೇಲೆ ಅವಳು ಹೇಳೋದೇ ಬಿಟ್ಟಳು. ಮಾತಿಲ್ಲದೆ ತಿಂದಳು."

"ನಾಳೆ ಸಭೇಲಿ ನಾನೇ ಎದ್ದು ಹೇಳ್ತೀನಿ. ಆ ಸಹಿ ಲೆಕ್ಕಕ್ಕಿಲ್ಲ ಅಂತ ಹೇಳ್ತೀನಿ."

"ಅವನ ಹೆಸರು ಹಾಳಾಗುತ್ತೆ."

"ಗೊತ್ತು."

"ನಿನ್ನ ಡೀಸೆಲ್ಲು?"

ಅವಳಿಗೆ ಅಳು ಒತ್ತರಿಸಿ ಬಂತು. ಡೀಸೆಲ್ ಇಲ್ಲದೆ ನಿಂತ ಗಾಡಿಯತ್ತ ಕೈ ತೋರಿಸಿದಳು.

ದೋಣಿಯಣ್ಣ ಏರಿಯ ಇಳಿಜಾರಿನಲ್ಲಿ ಇಳಿದು ಹೋಗಿ, ಇತ್ತ ಬೆನ್ನು ಹಾಕಿ ನೀರಿನ ಅಂಚಿನಲ್ಲಿ ಕೂತ.

ಅಷ್ಟರಲ್ಲಿ ಟೈಲರ್ ಲ್ಯಾಬಿನ ಇಬ್ಬರನ್ನು ಕರೆದುಕೊಂಡು ಏದುಸಿರು ಬಿಡುತ್ತ ಬಂದ. ಹಿಂದೆ ನಡೆದು ಬಂದ ಹೆಂಗಸರು, ಮುದುಕರು, ಅಮ್ಮ, ಎಲ್ಲರೂ ಗಾಡಿಯ ಸುತ್ತ ಸೇರಿದರು. ಚಟ್ಟವನ್ನು ಕೆಳಗಿಳಿಸಿದರು.

"ದೋಣಿಯಣ್ಣ, ಬಾ ಮಾರಾಯ, ಭುಜ ಕೊಡು," ಎಂದು ಟೈಲರ್ ಕೂಗಿದ.

ಅವನು ತಿರುಗಲಿಲ್ಲ.

"ದೋಣಿಯಣ್ಣಾ! ನಿನಗೋಸ್ಕರ ಕಾಯ್ತಿದ್ದೀವಿ!"

"ಬಿಡಿ, ದುಃಖ ತಡ್ಕೊಳ್ಳಕ್ಕಾಗ್ತಿಲ್ಲ ಪಾಪ," ಎಂದ ಲ್ಯಾಬಿನವರಲ್ಲೊಬ್ಬ. ಯಾರೋ ನಿಟ್ಟುಸಿರು ಬಿಟ್ಟರು. ಅಂಥ ಸ್ನೇಹ ಎಲ್ಲಿ ಸಿಗುತ್ತೆ ಈಗಿನ ಕಾಲದಲ್ಲಿ ಎಂದಳು ಒಬ್ಬಾಕೆ. ಅಮ್ಮ ಮಾತ್ರ ಮಗಳ ಮುಖ ನೋಡಿದಳು, ಆಮೇಲೆ ಕೆಳಗೆ ಕೂತವನ ಬೆನ್ನು ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

"ನಾನು ಹೊರ್ತೀನಿ," ಎಂದಳು ಡ್ರೈವರಮ್ಮ.

ಯಾರೂ ಎದುರಾಡಲಿಲ್ಲ. ತಲೆಯ ಕಡೆಯ ಎಡಮೂಲೆಗೆ ಹೋಗಿ ಬಿದಿರಿಗೆ ಕೈ ಹಾಕಿದಳು. ಒಂದು, ಎರಡು, ಮೂರು ಎಂದು ಟೈಲರ್ ಎಣಿಸಿದ. ಚಟ್ಟ ಮೇಲೆದ್ದಿತು. ಮೂವರೂ ಎತ್ತರದ ಗಂಡಸರು, ಅವಳ ತಲೆ ಅವರ ಭುಜಕ್ಕೆ ಬರುತ್ತಿತ್ತು ಅಷ್ಟೇ. ಎತ್ತಿದ ಕೂಡಲೇ ಚಟ್ಟ ಅವಳ ಕಡೆಗೆ ವಾಲಿತು.

"ಸಮ ಮಾಡ್ರೋ, ಸ್ವಲ್ಪ ಬಗ್ಗಿ ನಡೀರಿ!"

ಗಂಡಸರು ಮಂಡಿ ಮಡಿಸಿ ನಾಲ್ಕು ಹೆಜ್ಜೆ ನಡೆದರು. ಹಾಗೆ ಎಷ್ಟು ದೂರ ನಡೆಯಲು ಸಾಧ್ಯ? ತಮಗೇ ಗೊತ್ತಿಲ್ಲದಂತೆ ಒಬ್ಬೊಬ್ಬರಾಗಿ ನೆಟ್ಟಗಾದರು. ಬಿಳಿ ಬಟ್ಟೆಯೊಳಗೆ ಅಪ್ಪ ನಿಧಾನಕ್ಕೆ ಜಾರಿ, ಅವರ ತಲೆ ಅವಳ ಕಿವಿಗೆ ತಾಗುವಷ್ಟು ಹತ್ತಿರ ಬಂತು. ಅವರ ಅಷ್ಟೂ ಭಾರ ಅವಳ ಒಂದೇ ಭುಜದ ಮೇಲಿತ್ತು. ಬಗ್ಗಿ ಎಂದು ಅವಳು ಯಾರಿಗೂ ಹೇಳಲಿಲ್ಲ.